ಒಂದೇ ಮನೆ, ಮೂರು ತಟ್ಟೆ

ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಬುಕ್ಕಾಂಬುಧಿ ನಮ್ಮೂರು. ಮನೆಯಲ್ಲಿ ನಾವು ಐದು ಜನ. ಜೊತೆಗೆ ನಾಯಿ ಕರಿಯ, ಅದರ ಹಿಂದೆಯೇ ಬಂದು ಸೇರಿಕೊಂಡ ಒಂದು ನಾಯಿಮರಿ, ಬೆಕ್ಕು ಚಿನ್ನಿ, ಕೊಟ್ಟಿಗೆಯಲ್ಲಿ ಎಂಟು ಕುರಿ.

ಕಳೆದ ವರ್ಷ ಬೆಂಗಳೂರಿನಿಂದ ಬಂದ ಮೈದುನ, "ಅತ್ತಿಗೆ, ಅಲ್ಲಿ ಈಗ ಎಷ್ಟೋ ಜನ ನಾಯಿಗೆ ಹಸಿ ಮಾಂಸವನ್ನೇ ಹಾಕ್ತಾರೆ. ಕೂದಲು ಮಿರಮಿರ ಹೊಳೆಯುತ್ತಂತೆ" ಎಂದ. ಬೇಯಿಸುವ ಕೆಲಸವೂ ತಪ್ಪಿತಲ್ಲ ಎಂದು ನಾನೂ ಶುರುಮಾಡಿದೆ.

ಅದಾಗಿ ಎರಡು ವಾರಕ್ಕೆ ಹಬ್ಬ ಬಂತು. ಟಗರು ಕೊಯ್ದಾಗ ಈಲಿಯಲ್ಲಿ, ಅಂದರೆ ಲಿವರ್‌ನಲ್ಲಿ, ನಿಂಬೆಹಣ್ಣಿನ ಗಾತ್ರದ ಬಿಳಿ ಗುಳ್ಳೆಗಳು ಕಂಡವು. ಒಳಗೆಲ್ಲ ನೀರು. "ಇದು ನಮಗೆ ಬೇಡಮ್ಮ, ಕರಿಯನಿಗೆ ಹಾಕು" ಎಂದರು ಮಾವ. ನನಗೇಕೋ ಮನಸ್ಸು ಬರಲಿಲ್ಲ. ಪಶುವೈದ್ಯರಿಗೆ ಫೋನ್ ಮಾಡಿದೆ. "ಹಾಕಲೇಬೇಡಿ. ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಿ" ಎಂದರು.

ಮರುದಿನ ಬಂದು ಬಿಡಿಸಿ ಹೇಳಿದರು. ಅದು ಹೈಡಾಟಿಡ್ ಗುಳ್ಳೆ. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಾಗದ ಲಾಡಿಹುಳುಗಳು ಬೆಳೆಯುತ್ತವೆ. ಸುಮಾರು ಆರೇಳು ವಾರಗಳಲ್ಲಿ ಅವುಗಳ ಮೊಟ್ಟೆ ಮಲದಲ್ಲಿ ಬರತೊಡಗುತ್ತದೆ, ಕೂದಲಿಗೂ ಅಂಟುತ್ತದೆ. ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಹೋದರೆ ಮತ್ತೆ ಗುಳ್ಳೆ. ಕೈಯಿಂದ ನಮ್ಮ ಬಾಯಿಗೆ ಬಂದರೆ ನಮ್ಮ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ. ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಆಪರೇಷನ್‌ವರೆಗೂ ಹೋಗಬಹುದು. ನಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಕಾಣುತ್ತದೆ.

ಅವರು ಹೇಳುತ್ತಿದ್ದಾಗ ನನ್ನ ಕಣ್ಣು ಮಗಳ ಮೇಲಿತ್ತು. ಒಂದು ಕೈಯಲ್ಲಿ ಕರಿಯನ ಕತ್ತು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತಿದ್ದಳು. ಹಿಂದಿನ ಹಬ್ಬಗಳಲ್ಲಿ ನಾವು ಏನೇನು ಎಸೆದಿದ್ದೆವೋ!

"ಫ್ರಿಜ್‌ನಲ್ಲಿಟ್ಟು ಹಾಕಿದರೆ?" ಎಂದು ಕೇಳಿದೆ. "ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿದರೂ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮಕ್ಕಳು, ವಯಸ್ಸಾದವರು, ಬೇರೆ ಪ್ರಾಣಿಗಳಿರುವ ಮನೆಯಲ್ಲಿ ಬೇಯಿಸಿ ಹಾಕುವುದೇ ಲೇಸು" ಎಂದರು. ಎರಡು ನಾಯಿಗೂ ಜಂತಿನ ಮಾತ್ರೆ ಕೊಟ್ಟು, ಮತ್ತೆ ಯಾವಾಗ ಕೊಡಬೇಕೆಂದು ಬರೆದುಕೊಟ್ಟರು.

ಈಗ ನಮ್ಮಲ್ಲಿ ಮೂರು ತಟ್ಟೆ. ಕರಿಯನಿಗೆ ರಾಗಿಮುದ್ದೆ, ಚೆನ್ನಾಗಿ ಬೆಂದ ಮೂಳೆಯಿಲ್ಲದ ಕೋಳಿ. ಬೆಂದ ಮೂಳೆ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕು ಎರಡಕ್ಕೂ ವಿಷವಂತೆ, ಆದ್ದರಿಂದ ನಮ್ಮ ಸಾರು ಅವಕ್ಕಿಲ್ಲ. ಮರಿಗೂ ಅದೇ ಊಟ, ಆದರೆ ಸ್ವಲ್ಪಸ್ವಲ್ಪವಾಗಿ ಹಲವು ಸಲ. ಬರೀ ಮಾಂಸದಲ್ಲಿ ಸುಣ್ಣದಂಶ ಕಡಿಮೆ. ಬೆಳೆಯುವ ಮೂಳೆಗೆ ಅದು ಸಾಲದು. ಅದಕ್ಕೆ ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಸೇರಿಸುತ್ತೇನೆ.

ಚಿನ್ನಿಯ ಲೆಕ್ಕವೇ ಬೇರೆ. ಟಾರಿನ್ ಎಂಬ ಪೋಷಕಾಂಶವನ್ನು ನಾಯಿಯ ದೇಹ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿಗೆ ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ನಾಯಿಯ ತಟ್ಟೆಯಲ್ಲಿ ಉಳಿದ ಮುದ್ದೆ ಅದಕ್ಕೆ ಊಟವಲ್ಲ. ಬೇಯಿಸುವಾಗ ಟಾರಿನ್ ನೀರಿಗೆ ಇಳಿಯುವುದರಿಂದ ಬೆಂದ ನೀರನ್ನು ಚೆಲ್ಲದೆ ಮಾಂಸದ ಜೊತೆಗೇ ಕೊಡುತ್ತೇನೆ. ಕರಿಯ ಕಸಿಯದಂತೆ ಚಿನ್ನಿಯ ತಟ್ಟೆ ಕಟ್ಟೆಯ ಮೇಲೆ.

ಮಕ್ಕಳೇ, ನಿಮ್ಮ ನಾಯಿಯನ್ನು ಮುದ್ದು ಮಾಡಿ, ಬೇಡ ಎನ್ನುವುದಿಲ್ಲ. ಆಮೇಲೆ ಸೋಪು ಹಚ್ಚಿ ಕೈ ತೊಳೆದೇ ತಿಂಡಿ ಮುಟ್ಟಿ.

ಈ ವರ್ಷದ ಹಬ್ಬಕ್ಕೆ ಟಗರು ಕೊಯ್ಯುವ ಮೊದಲೇ ಮಾವ ಕರಿಯನನ್ನೂ ಮರಿಯನ್ನೂ ಕಟ್ಟಿಹಾಕಿ, ಹಿತ್ತಲಲ್ಲಿ ಸೊಂಟದಾಳದ ಗುಂಡಿ ತೋಡಿಸಿದ್ದರು. "ಏನಮ್ಮ, ಇಷ್ಟು ಆಳ ಸಾಕಾ?" ಎಂದು ನನ್ನನ್ನೇ ಕೇಳಿದರು.