ವಿಂಡೋಸ್ 98ರ ಕಾಯಿಲೆಗಳ ಹಿಂದಿನ ಲೆಕ್ಕ

ವಿಂಡೋಸ್ 98ರ ಮೊದಲ ಆವೃತ್ತಿ ಹಾಕಿದ ಕಂಪ್ಯೂಟರನ್ನು ಆರಿಸದೆ ಹಾಗೇ ಬಿಟ್ಟರೆ 49 ದಿನ, 17 ಗಂಟೆ, 2 ನಿಮಿಷ, 47 ಸೆಕೆಂಡು ಕಳೆಯುವ ಹೊತ್ತಿಗೆ ಅದು ನಿಂತುಹೋಗಬಹುದು. ಇದಕ್ಕೆ ವೈರಸ್ ಕಾರಣವಲ್ಲ, ಯಂತ್ರ ಕಾಯ್ದದ್ದೂ ಕಾರಣವಲ್ಲ. ಚಾಲೂ ಆದ ಕ್ಷಣದಿಂದ ಎಷ್ಟು ಮಿಲಿಸೆಕೆಂಡು ಕಳೆದವು ಎಂಬುದನ್ನು ವಿಂಡೋಸ್ 32 ಬಿಟ್‌ಗಳಷ್ಟು ಜಾಗದಲ್ಲಿ ಬರೆದಿಡುತ್ತದೆ. ಅಷ್ಟು ಜಾಗದಲ್ಲಿ ಎಣಿಸಬಹುದಾದ ಕೊನೆಯ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಮುಂದಿನ ಮಿಲಿಸೆಕೆಂಡಿಗೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ, ಸಮಯ ನೋಡಿಕೊಳ್ಳುವ ಡ್ರೈವರ್‌ನ ಲೆಕ್ಕ ತಪ್ಪುತ್ತದೆ. ಇದೇ ದೋಷವಿದ್ದ ವಿಂಡೋಸ್ 95 ಮಾರುಕಟ್ಟೆಗೆ ಬಂದದ್ದು 1995ರ ಆಗಸ್ಟ್‌ನಲ್ಲಿ. ದೋಷ ಬಯಲಿಗೆ ಬಂದದ್ದು 1999ರಲ್ಲಿ. ಅಷ್ಟರವರೆಗೆ ಏಳು ವಾರ ಸತತವಾಗಿ ಓಡಿಸಿದವರೇ ಬಹಳ ಕಡಿಮೆ.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ 'ಇದಕ್ಕೆ ವಯಸ್ಸಾಯಿತು' ಎಂದು ಮೂಲೆಗೆ ತಳ್ಳುವುದು ರೂಢಿ. ಆದರೆ ತಂತ್ರಾಂಶ ಕಬ್ಬಿಣದಂತೆ ಸವೆಯುವುದಿಲ್ಲ. ವಿಂಡೋಸ್ 98ರ ಹೆಚ್ಚಿನ ತೊಂದರೆಗಳನ್ನು ಬೆನ್ನಟ್ಟಿ ಹೋದರೆ ಕೊನೆಗೆ ಸಿಗುವುದು ಅಂದಿನ ಎಂಜಿನಿಯರ್‌ಗಳು 'ಇಷ್ಟು ಸಾಕು' ಎಂದು ಹಾಕಿಕೊಂಡ ಒಂದು ಮಿತಿ. ಆ ಮಿತಿ ತಿಳಿದರೆ ಪರಿಹಾರವೂ ಸಿಗುತ್ತದೆ.

ಮೆಮೊರಿಯ ವಿಷಯವನ್ನೇ ನೋಡಿ. 1998ರ ಜೂನ್ 25ರಂದು ಬಿಡುಗಡೆಯಾದ ಈ ವ್ಯವಸ್ಥೆಗೆ ಕನಿಷ್ಠ ಬೇಕಿದ್ದುದು 66 ಮೆಗಾಹರ್ಟ್ಸ್‌ನ 486 ಪ್ರೊಸೆಸರ್, 16 ಎಂಬಿ ರ‍್ಯಾಮ್. ವಿಂಡೋಸ್ 98 ಓಡುವ ಯಂತ್ರಕ್ಕೆ ಉದಾರವಾಗಿ 1 ಜಿಬಿ ರ‍್ಯಾಮ್ ಹಾಕಿದರೆ ಪರದೆಯ ಮೇಲೆ ಬರುವುದು 'ಮೆಮೊರಿ ಸಾಲದು' ಎಂಬ ಸಂದೇಶ! ಹಾರ್ಡ್ ಡಿಸ್ಕಿನಿಂದ ಓದಿದ ಮಾಹಿತಿಯನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ವಿಕ್ಯಾಶ್ ಎಂಬ ಭಾಗ, ರ‍್ಯಾಮ್ ಹೆಚ್ಚಿದಷ್ಟೂ ಹೆಚ್ಚು ವಿಳಾಸಗಳನ್ನು ತನಗಾಗಿ ಕಾದಿರಿಸುತ್ತದೆ. ವ್ಯವಸ್ಥೆಗೆಂದು ಮೀಸಲಾದ ವಿಳಾಸಗಳ ವಲಯವೋ 1 ಜಿಬಿಯಷ್ಟೇ. ಅದನ್ನೆಲ್ಲ ವಿಕ್ಯಾಶ್ ಒಬ್ಬನೇ ಆಕ್ರಮಿಸಿದರೆ ಒಂದು ಡಾಸ್ ಕಿಟಕಿ ತೆರೆಯಲೂ ಎಡೆ ಉಳಿಯುವುದಿಲ್ಲ. ಪರಿಹಾರ ಒಂದು ಸಾಲಿನದು: ಸಿಸ್ಟಮ್.ಐಎನ್‌ಐ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ವಿಕ್ಯಾಶ್ ವಿಭಾಗದಲ್ಲಿ 'ಮ್ಯಾಕ್ಸ್‌ಫೈಲ್‌ಕ್ಯಾಶ್' ಎಂಬ ಮೌಲ್ಯವನ್ನು 524288 ಕಿಲೋಬೈಟ್, ಅಂದರೆ 512 ಎಂಬಿ ಅಥವಾ ಅದಕ್ಕಿಂತ ಕಡಿಮೆಗೆ ಕಟ್ಟಿಹಾಕುವುದು.

ವೇಗ ಹೆಚ್ಚಾದದ್ದೂ ಒಮ್ಮೆ ಕಾಯಿಲೆಯಾಯಿತು. ವಿಂಡೋಸ್ 95 ಏಳುವಾಗ ಜಾಲ ಸಂಪರ್ಕದ ಭಾಗವು ಒಂದು ಪುಟ್ಟ ಆಜ್ಞೆಯನ್ನು ಮತ್ತೆ ಮತ್ತೆ ಓಡಿಸಿ, ಹಿಡಿದ ಸಮಯದಿಂದ ಭಾಗಿಸಿ ಪ್ರೊಸೆಸರಿನ ವೇಗವನ್ನು ಅಳೆಯುತ್ತಿತ್ತು. ಪ್ರೊಸೆಸರ್ ತೀರಾ ಚುರುಕಾಗಿದ್ದರೆ ಆ ಸಮಯ ಅತಿ ಕಡಿಮೆಯಾಗಿ ಭಾಗಾಕಾರವೇ ಕೆಡುತ್ತಿತ್ತು, ಯಂತ್ರ ಏಳುತ್ತಿರಲಿಲ್ಲ. ಎಎಂಡಿಯ ಕೆ6-2 ಪ್ರೊಸೆಸರ್‌ಗಳಲ್ಲಿ 350 ಮೆಗಾಹರ್ಟ್ಸ್‌ಗೇ ಈ ತೊಂದರೆ ಕಾಣಿಸಿತು, ಇಂಟೆಲ್‌ನವುಗಳಲ್ಲಿ 2.1 ಗಿಗಾಹರ್ಟ್ಸ್ ದಾಟಿದ ಮೇಲೆ. ಒಂದಕ್ಕೊಂದು ಆರು ಪಟ್ಟು. ಅದೇ ಆಜ್ಞೆಯನ್ನು ಕೆ6-2 ಒಂದೇ ಗಡಿಯಾರ ಮಿಡಿತದಲ್ಲಿ ಮುಗಿಸುತ್ತಿದ್ದರೆ ಇಂಟೆಲ್‌ಗೆ ಸುಮಾರು ಆರು ಮಿಡಿತ ಬೇಕಿತ್ತು.

ದೋಷ ಎಲ್ಲಿದೆಯೆಂದೇ ಗೊತ್ತಿಲ್ಲದಾಗ ಏನು ಮಾಡಬೇಕು? ಯಂತ್ರ ಏಳುವಾಗ ಎಫ್8 ಒತ್ತಿ ಸೇಫ್ ಮೋಡ್‌ಗೆ ಹೋಗುವುದು ಮೊದಲ ಹೆಜ್ಜೆ. ಅಲ್ಲಿ ಬಹುಪಾಲು ಡ್ರೈವರ್‌ಗಳಿಗೆ ಪ್ರವೇಶವಿಲ್ಲ; ಪರದೆ 640×480 ಚುಕ್ಕೆ, 16 ಬಣ್ಣಕ್ಕೆ ಇಳಿದಿರುತ್ತದೆ. ತೊಂದರೆ ಅಲ್ಲಿ ಮಾಯವಾದರೆ ತಪ್ಪು ಯಾವುದೋ ಡ್ರೈವರ್‌ನದು ಅಥವಾ ತಾನಾಗಿ ಚಾಲೂ ಆಗುವ ಪ್ರೋಗ್ರಾಮಿನದು. ವಿಂಡೋಸ್ 98ರ ಜೊತೆಗೇ ಬಂದ ಎಂಎಸ್‌ಕಾನ್ಫಿಗ್‌ನಲ್ಲಿ ಅಂಥ ಪ್ರೋಗ್ರಾಮುಗಳ ಪಟ್ಟಿಯಿದೆ. ಒಂದೊಂದಾಗಿ ನಿಲ್ಲಿಸಿ ನೋಡುತ್ತ ಕೂರಬೇಕಿಲ್ಲ; ಅರ್ಧ ಪಟ್ಟಿಯ ಗುರುತು ತೆಗೆದು ಮತ್ತೆ ಚಾಲೂ ಮಾಡಿದರೆ ತಪ್ಪಿತಸ್ಥ ಯಾವ ಅರ್ಧದಲ್ಲಿದ್ದಾನೆಂದು ತಿಳಿಯುತ್ತದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ 16 ಪ್ರೋಗ್ರಾಮುಗಳಲ್ಲಿ ಕಾಟ ಕೊಡುವ ಒಂದನ್ನು ನಾಲ್ಕೇ ಸುತ್ತಿನಲ್ಲಿ ಹಿಡಿಯಬಹುದು.

ಎಲ್ಲ ಆಯ್ಕೆಗಳನ್ನೂ ದಾಖಲಿಸುವ ರಿಜಿಸ್ಟ್ರಿಯೇ ಕೆಟ್ಟರೂ ದಾರಿಯುಂಟು. ವಿಂಡೋಸ್ 98 ದಿನಕ್ಕೊಮ್ಮೆ ಸರಿಯಾಗಿ ಎದ್ದಾಗ ರಿಜಿಸ್ಟ್ರಿಯ ನಕಲು ತೆಗೆದು, ಇತ್ತೀಚಿನ ಐದು ನಕಲುಗಳನ್ನು ಮರೆಯ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಡಾಸ್ ಹಂತದಲ್ಲಿ 'ಸ್ಕ್ಯಾನ್‌ರೆಗ್ /ರೀಸ್ಟೋರ್' ಎಂಬ ಆಜ್ಞೆ ಕೊಟ್ಟರೆ ಅವುಗಳ ಪಟ್ಟಿ ಬರುತ್ತದೆ. ಯಂತ್ರ ಸರಿಯಿದ್ದ ದಿನಾಂಕವನ್ನು ಆರಿಸಿಕೊಂಡರಾಯಿತು.

ಈ ಭದ್ರತೆಯ ಬಲದಿಂದಲೇ ಬಳಕೆದಾರರು ಧೈರ್ಯವಾಗಿ ಒಳಗೆ ಕೈಹಾಕಿ ತಮಗೆ ಬೇಕಾದಂತೆ ಬದಲಾಯಿಸಿಕೊಂಡರು. ಮೆನುವಿನ ಮೇಲೆ ಮೌಸ್ ಇಟ್ಟಾಗ ಉಪಮೆನು ತೆರೆಯಲು 400 ಮಿಲಿಸೆಕೆಂಡು ತಡವಾಗುವುದು ರಿಜಿಸ್ಟ್ರಿಯ 'ಮೆನುಶೋಡಿಲೇ' ಎಂಬ ಮೌಲ್ಯದಿಂದ; ಅದನ್ನು 100ಕ್ಕೆ ಇಳಿಸಿದರೆ ಹಳೆಯ ಯಂತ್ರವೂ ಚುರುಕಾದಂತೆ ಅನಿಸುತ್ತದೆ. ಆರಂಭದ ಮೋಡಗಳ ಚಿತ್ರವನ್ನೂ ಬದಲಿಸಬಹುದು. 320×400 ಚುಕ್ಕೆ, 256 ಬಣ್ಣದ ಬಿಎಂಪಿ ಚಿತ್ರಕ್ಕೆ 'ಲೋಗೋ.ಸಿಸ್' ಎಂದು ಹೆಸರಿಟ್ಟು ಸಿ ಡ್ರೈವ್‌ನ ಮೊದಲ ಹಂತದಲ್ಲಿ ಇಟ್ಟರೆ ಸಾಕು. ಚಿತ್ರದ ತಳದಲ್ಲಿ ಹರಿಯುವ ನೀಲಿ ಪಟ್ಟಿಯಲ್ಲಿ ಒಂದು ಜಾಣ್ಮೆ ಅಡಗಿದೆ: ಅಲ್ಲಿ ಯಾವ ಚುಕ್ಕೆಯೂ ಚಲಿಸುವುದಿಲ್ಲ, ಬಣ್ಣಗಳ ಕೋಷ್ಟಕವಷ್ಟೇ ಸುತ್ತುತ್ತದೆ. ಜಾತ್ರೆಯ ಸೀರಿಯಲ್ ಲೈಟಿನಲ್ಲಿ ಬಲ್ಬುಗಳು ಇದ್ದಲ್ಲೇ ಇದ್ದು ಬೆಳಕು ಓಡುವ ಹಾಗೆ. ಏಳುವ ಕೆಲಸದಲ್ಲಿ ಮುಳುಗಿರುವ ಪ್ರೊಸೆಸರಿಗೆ ಇದರಿಂದ ಬೀಳುವ ಹೊರೆ ತೀರಾ ಕಡಿಮೆ.

ಕನ್ನಡಿಗರಿಗೆ ಬೇರೆಯೇ ಒಂದು ಮಿತಿ ಎದುರಾಗಿತ್ತು. ವಿಂಡೋಸ್ 98ರಲ್ಲಿ ಕನ್ನಡಕ್ಕೆ ಅಂತರ್ಗತ ಬೆಂಬಲ ಇರಲಿಲ್ಲ. ಬರಹ, ನುಡಿಯಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿ ದಾರಿ ಮಾಡಿಕೊಟ್ಟವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುವುದು ಅದರಿಂದಲೇ. 2001ರ ವಿಂಡೋಸ್ ಎಕ್ಸ್‌ಪಿ ಯೂನಿಕೋಡ್ ಕನ್ನಡವನ್ನೂ ತುಂಗಾ ಫಾಂಟನ್ನೂ ತಂದಿತು. ಆದರೂ ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿ, ಎಕ್ಸ್‌ಪಿಯ ಸಿಡಿಯಿಂದ ಕಡತಗಳನ್ನು ಸೇರಿಸಬೇಕಿತ್ತು. 'ಕ್ಷ' ಎಂಬುದು ಯೂನಿಕೋಡ್‌ನಲ್ಲಿ ಕಕಾರ, ಹಲಂತದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು; ಅವನ್ನು ಒಂದೇ ಆಕಾರವಾಗಿ ಹೆಣೆಯುವ ಕೆಲಸ ಆ ಕಡತಗಳದು.

ಇಂಥ ಯಂತ್ರವನ್ನು ಉಳಿಸಿಕೊಂಡವರು ಒಂದು ಕಟ್ಟುನಿಟ್ಟು ಪಾಲಿಸಲೇಬೇಕು. ಮೈಕ್ರೋಸಾಫ್ಟ್ ವಿಂಡೋಸ್ 98ಕ್ಕೆ ಸುರಕ್ಷತಾ ತಿದ್ದುಪಡಿ ಕೊಡುವುದನ್ನು 2006ರ ಜುಲೈ 11ಕ್ಕೆ, ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ಆದ್ದರಿಂದ ಇವುಗಳಿಗೆ ಇಂಟರ್ನೆಟ್ ಸಂಪರ್ಕ ಬೇಡ. ಏನನ್ನಾದರೂ ಬದಲಿಸುವ ಮುನ್ನ ಇಡೀ ಡಿಸ್ಕಿನ ನಕಲು ತೆಗೆದಿಟ್ಟುಕೊಳ್ಳಿ. ತಂತ್ರಾಂಶ ಸವೆಯದಿದ್ದರೂ ತಿರುಗುವ ಹಾರ್ಡ್ ಡಿಸ್ಕ್ ಸವೆಯುತ್ತದೆ. ಅದರಲ್ಲಿ ಹಳೆಯ ಬರಹ, ನುಡಿ ಕಡತಗಳಿದ್ದರೆ ಈಗಲೇ ಹೊರತೆಗೆದು, ಪರಿವರ್ತಕ ಬಳಸಿ ಯೂನಿಕೋಡ್‌ಗೆ ಬದಲಿಸಿ, ಎರಡು ಕಡೆ ಉಳಿಸಿಡಿ.