ಬಯಲಿನ ಬೆಂಕಿ, ಗಾಳಿಯ ಕಂದೀಲು

ಪ್ರಶ್ನೆ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹೊಲಗಳಲ್ಲಿ ಹಿಂಡು ತರುಬುವ ಕುರಿಗಾಹಿಗಳು ಬೆಂಕಿಕಡ್ಡಿಯಿಲ್ಲದ ಕಾಲದಲ್ಲಿ ಬೆಂಕಿ ಮಾಡುತ್ತಿದ್ದುದೆಂತು? ಕಂದೀಲು ಗಾಳಿಗೆ ಆರದಿರುವುದೇಕೆ?

ಉತ್ತರ: ಚಕಮಕಿಯಿಂದ. ಬೆಣಚುಕಲ್ಲಿನ ಹರಿತವಾದ ಅಂಚಿಗೆ ಉಕ್ಕಿನ ತುಂಡನ್ನು ಓರೆಯಾಗಿ ಬಡಿದಾಗ ಕಿಡಿಯಾಗಿ ಸಿಡಿಯುವುದು ಕಲ್ಲಲ್ಲ. ಕಲ್ಲು ಹೆರೆದ ಉಕ್ಕಿನ ಸೂಕ್ಷ್ಮಕಣವೇ ವಾಯುವಿನಲ್ಲಿರುವ ಆಮ್ಲಜನಕದೊಡನೆ ಕೂಡಿ ಪ್ರಜ್ವಲಿಸುವುದು. ಕಲ್ಲಿನೊಡನೆ ಹೆಬ್ಬೆರಳಿನಡಿ ಒತ್ತಿಹಿಡಿದ, ಮೊದಲೇ ಅರೆಸುಟ್ಟು ಕಪ್ಪಾಗಿಸಿದ ಅರಳೆಯು ಆ ಕಿಡಿಯನ್ನು ಹಿಡಿದು ಜ್ವಾಲೆಯಿಲ್ಲದೆ ಕೆಂಡವಾಗಲು, ಅದನ್ನು ಒಣಹುಲ್ಲಿನಲ್ಲಿಟ್ಟು ಮೆಲ್ಲನೆ ಊದಿದರೆ ಉರಿಯೇಳುವುದು. ಮಸ್ಕಿಯ 1954ರ ಉತ್ಖನನದಲ್ಲಿ ದೊರೆತ ಚರ್ಟ್ ಶಿಲೆಯ ಅಲಗುಗಳೂ ಇಂತಹ ಕಠಿಣ ಕಲ್ಲಿನವೇ ಆದರೂ, ಉಕ್ಕಿಲ್ಲದೆ ಚಕಮಕಿಯಿಲ್ಲವಾದ್ದರಿಂದ, ಅವುಗಳನ್ನು ಕೊಯ್ಯುವ ಸಾಧನಗಳೆಂದೇ ತಿಳಿಯತಕ್ಕದ್ದು. ಬೆಂಕಿಕಡ್ಡಿ ಬಂದುದಾದರೋ ಇಂಗ್ಲೆಂಡಿನ ಜಾನ್ ವಾಕರನು ಅದನ್ನು 1827ರಲ್ಲಿ ಮಾರಾಟಕ್ಕಿಟ್ಟ ಮೇಲೆ.

ಇನ್ನು ಕಂದೀಲು: ಗಾಜಿನ ಬುರುಡೆ ಜ್ವಾಲೆಯನ್ನು ಮರೆಮಾಡಿದರೆ, ಪಾರ್ಶ್ವದ ಎರಡು ನಳಿಗೆಗಳು ಮೇಲಿನ ಗಾಳಿಯನ್ನು ಬತ್ತಿಯ ಬುಡಕ್ಕೆ ಹದವಾಗಿ ಇಳಿಸುವುವು, ಹೊರಗಿನ ಬಿರುಗಾಳಿಗೆ ನೇರ ಪ್ರವೇಶವಿಲ್ಲ. ಬತ್ತಿಯನ್ನು ಅತಿಯಾಗಿ ಏರಿಸಿದರೆ ಚಿಮಣಿ ಎಣ್ಣೆ ಪೂರ್ಣವಾಗಿ ಉರಿಯದೆ ಗಾಜು ಮಸಿಗಟ್ಟುವುದರಿಂದ, ಅದರ ತುದಿಯನ್ನು ಸಮವಾಗಿ ಕತ್ತರಿಸಿ ತಗ್ಗಿಸಿ ಇಡುವುದೇ ಕ್ಷೇಮ.