ಹೆಸರಿನ ಮೇಲೆ ಬೆರಳಿಟ್ಟು ನೋಡಿ

ಇನ್‌ಸ್ಟಾಗ್ರಾಮ್‌ನಲ್ಲಿ ಚಿಕ್ಕಮಗಳೂರು ಕಾಫಿ ಅಂತ ಒಮ್ಮೆ ಹುಡುಕಿ. ಒಂದು ಕಪ್ಪು, ಅದರ ಮೇಲೆ ಸುರುಳಿ ಸುರುಳಿ ಹಬೆ. ಹಿಂದೆ ಮೂರು ಗುಡ್ಡ, ಪಕ್ಕದಲ್ಲೊಂದು ಎಲೆ. ಬಣ್ಣ ಅಂದ್ರೆ ಕಡು ಕಂದು, ಇಲ್ಲವೇ ಕಡು ಹಸಿರು. ಹೆಸರು ಇಂಗ್ಲಿಷಿನಲ್ಲಿ ದೊಡ್ಡದಾಗಿ, ಅದರ ಕೆಳಗೆ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಗೆ ಕನ್ನಡ. ಹೋಮ್‌ಸ್ಟೇ ಲೋಗೋ ಆದರೆ ಕಪ್ಪಿನ ಜಾಗಕ್ಕೆ ಹೆಂಚಿನ ಮನೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ವಾರವಿಡೀ ಕೋಡ್ ಬರೆದು, ಶನಿವಾರ ಭಾನುವಾರ ಡಿಸೈನ್ ಮಾಡುವವಳು ನಾನು. ನನ್ನಂಥವರು ಈಗ ಬೇಕಾದಷ್ಟು ಜನ ಇದ್ದಾರೆ. ನಮ್ಮೆಲ್ಲರ ಗೊಣಗಾಟವೂ ಒಂದೇ: 'ನನಗೆ ನನ್ನದೇ ಆದ ಸ್ಟೈಲ್ ಇನ್ನೂ ಸಿಕ್ಕಿಲ್ಲ.' ಹಾಗಂದು ಮತ್ತೆ ಪಿಂಟರೆಸ್ಟ್ ತೆಗೆದು ಬೇರೆಯವರ ಸ್ಟೈಲ್ ನೋಡುತ್ತೇವೆ.

ಈ ಗೊಣಗಾಟ ನಡುವೆಯೇ ಕೊಟ್ಟಿಗೆಹಾರದ ಹತ್ತಿರ ತೋಟ ಮಾಡಿಕೊಂಡಿರುವ ಚಿಕ್ಕಪ್ಪನ ಫೋನ್ ಬಂತು. ಬೆಳೆದ ಕಾಫಿಯಲ್ಲಿ ಸ್ವಲ್ಪ ಹುರಿದು ಪುಡಿ ಮಾಡಿ ಅವರೇ ಮಾರಬೇಕಂತೆ, ಪ್ಯಾಕೆಟ್ ಡಿಸೈನ್ ಆಗಬೇಕಂತೆ. ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಘಾಟಿ ಇಳಿಯುವವರು ನೀರುದೋಸೆಗೆ ಗಾಡಿ ನಿಲ್ಲಿಸುವ ಊರು ಅದು. ದೋಸೆ ತಿಂದವರು ಎದ್ದು ಹೋಗುವಾಗ ಕಾಲು ಕೆಜಿ ಪುಡಿ ಒಯ್ಯಲಿ ಅನ್ನೋದು ಅವರ ಲೆಕ್ಕ.

ನಾನು ಹೋದಾಗ ಅವರು ಜಗಲಿ ಮೇಲೆ ಬೇರೆಯವರ ಮೂರು ಪ್ಯಾಕೆಟ್ ಸಾಲಾಗಿ ಇಟ್ಟಿದ್ದರು. ಮೂರರ ಹೆಸರಿನ ಮೇಲೂ ಒಂದೊಂದು ಬೆರಳಿಟ್ಟು ಮುಚ್ಚಿ ಕೇಳಿದರು:

"ಈಗ ಹೇಳು ಮಾರಾಯ್ತಿ, ಇದ್ರಲ್ಲಿ ಯಾವ್ದು ಯಾರ್ದು?"

ಹೇಳಲಿಕ್ಕೆ ಆಗಲಿಲ್ಲ. ಯಾರಿಗೂ ಆಗುತ್ತಿರಲಿಲ್ಲ ಬಿಡಿ. ಬ್ರ್ಯಾಂಡಿಂಗ್ ಬಗ್ಗೆ ನಾನು ನೋಡಿದ ಯಾವ ವಿಡಿಯೋದಲ್ಲೂ ಇಷ್ಟು ಅಗ್ಗದ, ಇಷ್ಟು ಖಡಕ್ಕಾದ ಪರೀಕ್ಷೆ ಇರಲಿಲ್ಲ.

ಮರುದಿನ ಊರಿನಲ್ಲೇ ಇರುವ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನಕ್ಕೆ ಹೋದೆ. ತೇಜಸ್ವಿಯನ್ನು ನಾವೆಲ್ಲ 'ಕರ್ವಾಲೋ' ಬರೆದವರು, ಹಕ್ಕಿ ಫೋಟೋ ತೆಗೆದವರು, ಸ್ಕೂಟರ್ ಓಡಿಸಿಕೊಂಡು ಮೂಡಿಗೆರೆಯಲ್ಲಿ ಮೀನು ಹಿಡಿಯುತ್ತಿದ್ದವರು ಅಂತ ನೆನಪಿಟ್ಟುಕೊಂಡಿದ್ದೇವೆ. ಅವರು ತಮ್ಮ ಪುಸ್ತಕಗಳ ಮುಖಪುಟಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು ಅನ್ನೋದು ಪಕ್ಕಕ್ಕೆ ಸರಿದುಬಿಟ್ಟಿದೆ. ಚಿತ್ರ ಬರೆಯುತ್ತಿದ್ದರು, ಫೋಟೋ ತೆಗೆಯುತ್ತಿದ್ದರು, 'ಪುಸ್ತಕ ಪ್ರಕಾಶನ' ಅನ್ನುವ ಸ್ವಂತ ಪ್ರಕಾಶನ ಇತ್ತು, ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲೂ ಚಿತ್ರ ಮಾಡಿದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಮೂಡಿಗೆರೆ ತೋಟದಲ್ಲಿ ಕೂತಿದ್ದ ಒನ್‌ ಮ್ಯಾನ್ ಸ್ಟುಡಿಯೋ.

ಸ್ಟೈಲ್ ಅನ್ನೋದು ಮನೆಯಲ್ಲೇ ಸಿದ್ಧವಾಗಿ ಸಿಗುವುದಿದ್ದರೆ ಅವರಿಗೆ ಸಿಗಬೇಕಿತ್ತು. 1938ರಲ್ಲಿ ಕುವೆಂಪು ಮಗನಾಗಿ ಹುಟ್ಟಿದವರು. ಬರವಣಿಗೆ ಶುರು ಮಾಡಿದಾಗ ನವ್ಯ ಸಾಹಿತ್ಯದ ಗಾಳಿ ಜೋರಾಗಿತ್ತು, ಅವರೂ ಆ ದಾರಿಯಲ್ಲೇ ಬರೆದರು. 1973ರಲ್ಲಿ ಬಂದ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ, ಆ ದಾರಿ ಇನ್ನು ತನಗೆ ಸಾಲದು, ಬೇರೆ ದಿಕ್ಕು ಹಿಡಿಯಬೇಕು ಅಂತ ನೇರವಾಗಿ ಬರೆದರು. 'ಕರ್ವಾಲೋ' ಬಂದದ್ದು 1980ರಲ್ಲಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವರು ಅಷ್ಟರಲ್ಲಿ ಎಷ್ಟೋ ವರ್ಷಗಳಿಂದ ತೋಟದಲ್ಲಿದ್ದರು. ಜೇನು, ಹಾರುವ ಓತಿ, ಊರಿನ ಜನ, ಎಲ್ಲ ಕಣ್ಣೆದುರೇ ಇದ್ದದ್ದು. ನನಗೆ ಅನ್ನಿಸುವುದು, ಅವರು ಸ್ಟೈಲ್ ಹುಡುಕಿಕೊಂಡು ಕಾಡಿಗೆ ಹೋಗಲಿಲ್ಲ. ಹಕ್ಕಿಯನ್ನು ನೋಡಲು ಹೋದರು. ಹಕ್ಕಿ ಫೋಟೋಗೆ ಕೂತವರಿಗೆ ಗೊತ್ತು, ಅಲ್ಲಿ ಫೋಟೋಗ್ರಾಫರನ ಮರ್ಜಿ ನಡೆಯಲ್ಲ.

ಹಾಗಾಗಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಎರಡು ದಿನ ಚಿಕ್ಕಪ್ಪನ ಮನೆ ನೋಡಿದೆ. ಕಣ, ಗೋದಾಮು, ಪಲ್ಪರ್ ಮನೆ. ಅಟ್ಟದಲ್ಲಿ ತುಕ್ಕು ಹಿಡಿದ ಒಂದು ತಗಡು ಸಿಕ್ಕಿತು. ಕ್ಯೂರಿಂಗ್‌ಗೆ ಹೋಗುವ ಗೋಣಿಚೀಲಗಳ ಮೇಲೆ ಗುರುತು ಹಾಕಲು ಅಜ್ಜನ ಕಾಲದಲ್ಲಿ ಕತ್ತರಿಸಿ ಮಾಡಿಸಿದ ಅಚ್ಚು. ಅದರಲ್ಲಿದ್ದದ್ದು ಒಂದೇ ಅಕ್ಷರ, ತೋಟದ ಹೆಸರಿನ ಮೊದಲ 'ರ'.

ತಗಡಿನಲ್ಲಿ 'ರ' ಕತ್ತರಿಸೋದು ಸುಲಭ ಅಲ್ಲ. ಸುತ್ತ ಗೆರೆ ಕತ್ತರಿಸಿದರೆ ಒಳಗಿನ ಬಿಲ್ಲೆ ಕಳಚಿ ಬೀಳುತ್ತದೆ. ಅದು ಬೀಳದಂತೆ ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಇಂಗ್ಲಿಷ್ ಸ್ಟೆನ್ಸಿಲ್‌ನಲ್ಲಿ ಈ ತಾಪತ್ರಯ 'ಒ', 'ಎ', 'ಬಿ' ಥರದ ಕೆಲವು ಅಕ್ಷರಗಳಿಗೆ ಮಾತ್ರ. ಕನ್ನಡದಲ್ಲಿ ದುಂಡು ಇಲ್ಲದ ಅಕ್ಷರ ಹುಡುಕೋದೇ ಕಷ್ಟ. ಆ ತಗಡು ಕತ್ತರಿಸಿದವನು ಸೇತುವೆಗಳನ್ನು ನೇರ ಬಿಡದೆ ಓರೆಯಾಗಿ ಬಿಟ್ಟಿದ್ದ, ತಲಕಟ್ಟನ್ನು ಪೂರ್ತಿ ಬೇರೆ ಮಾಡಿ ಸ್ವಲ್ಪ ಮೇಲೆ ಕೂರಿಸಿದ್ದ. ಯಾವ ಫಾಂಟಿನಲ್ಲೂ ನಾನು ನೋಡದ 'ರ' ಅದು.

ಉಳಿದ ಅಕ್ಷರಗಳನ್ನು ಅದೇ ನಿಯಮದಲ್ಲಿ ನಾನೇ ಬರೆದೆ. ಓರೆ ಸೇತುವೆ, ಬಿಡಿ ತಲಕಟ್ಟು. ಹೆಸರು ಮುಗಿದ ಮೇಲೆ ಪ್ಯಾಕೆಟ್ಟಿನಲ್ಲಿ ಊರಿನ ಹೆಸರೂ ಬೇಕಿತ್ತು, ಅಲ್ಲಿ ಮೂರು ರಾತ್ರಿ ಹೋಯಿತು. 'ಕೊಟ್ಟಿಗೆಹಾರ' ಬರೆದು ನೋಡಿ, 'ಟ್ಟಿ'ಯ ಒತ್ತು ಗೆರೆಯಿಂದ ಕೆಳಗೆ ಜೋತು ಬೀಳುತ್ತದೆ. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ಒತ್ತು ಹೋಗಿ ಕೆಳಗಿನ ಸಾಲಿಗೆ ಢಿಕ್ಕಿ ಹೊಡೆಯುತ್ತದೆ, ಆಗ ಎಲ್ಲರೂ ಮಾಡೋದು ಒಂದೇ ಕೆಲಸ, ಕನ್ನಡವನ್ನು ಸಣ್ಣದು ಮಾಡೋದು. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತು ಒತ್ತಾಗಿ ಮೂಡದೆ ಒಡೆದು ಬರೋದೂ ಉಂಟು. 2024ರಿಂದ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ಕಾನೂನೇ ಇದೆ. ಆದರೆ ಇಂಗ್ಲಿಷ್ ಲೋಗೋದ ಪಕ್ಕ ತಂದು ಅಂಟಿಸಿದ ಕನ್ನಡ ಎಷ್ಟು ದೊಡ್ಡದಿದ್ದರೂ ನೆಂಟರ ಮನೆಗೆ ಬಂದು ಬಾಗಿಲಲ್ಲೇ ನಿಂತವರ ಹಾಗೆ ಕಾಣುತ್ತದೆ. ನಾನು ಒತ್ತಿನಿಂದಲೇ ಶುರು ಮಾಡಿದೆ. ಕೆಳಗಿನ ಜಾಗ ಮೊದಲು ಗುರುತು ಹಾಕಿ, ಆಮೇಲೆ ಉಳಿದದ್ದು.

ಚಿಕ್ಕಪ್ಪನ ಜೊತೆ ನಿಜವಾದ ಜಗಳ ಆದದ್ದು ಚಿಕೋರಿ ವಿಷಯಕ್ಕೆ.

ಕಾಫಿಗೆ ಚಿಕೋರಿ ಬೆರೆಸಬಹುದು, ಆದರೆ ಶೇ 49 ಮೀರುವ ಹಾಗಿಲ್ಲ, ಎಷ್ಟು ಬೆರೆಸಿದ್ದೇವೆ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ನಿಮ್ಮ ಅಡುಗೆಮನೆಯ ಪ್ಯಾಕೆಟ್ ತೆಗೆದು ನೋಡಿ, ಆ ಅಂಕಿ ಹುಡುಕಲು ಎಷ್ಟು ಹೊತ್ತು ಬೇಕು ಅಂತ. ಚಿಕ್ಕಪ್ಪನದು 80-20. ಅದನ್ನೇ ಮುಂಭಾಗದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಹಾಕೋಣ ಅಂದೆ.

"ಹೆಸರಿಗಿಂತ ದೊಡ್ಡದಾ? ಎಂತ ಹೇಳ್ತೀಯ ನೀನು?"

"ಚಿಕ್ಕಪ್ಪ, ಬೆರಳಿಟ್ಟು ನೋಡಿ ಅಂದವರು ನೀವೇ. ಹೆಸರು ಮುಚ್ಚಿದ್ರೂ ನಿಮ್ದು ಅಂತ ಗೊತ್ತಾಗ್ಬೇಕಲ್ವಾ?"

ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಚಿಕ್ಕಮ್ಮ ಫೋನ್ ಮಾಡಿ, "ಹಾಕ್ಲಿಕ್ಕೆ ಹೇಳಿದ್ದಾರೆ. ಆದ್ರೆ ಇನ್ನು ಮುಂದೆ ಚಿಕೋರಿ ಜಾಸ್ತಿ ಮಾಡ್ಲಿಕ್ಕೆ ಆಗಲ್ಲ ಅಂತ ಬೇಜಾರು" ಅಂದರು.

ಬಣ್ಣ ಒಂದೇ, ಕಪ್ಪು. ಬಹುವರ್ಣದ ಗ್ರೇವಿಯರ್ ಮುದ್ರಣಕ್ಕೆ ಬಣ್ಣಕ್ಕೊಂದು ಸಿಲಿಂಡರ್ ಬೇಕು, ಸಾವಿರಗಟ್ಟಲೆ ಪ್ಯಾಕೆಟ್ ಮಾಡಿಸಿದರೆ ಮಾತ್ರ ಗಿಟ್ಟುತ್ತದೆ. ನಮಗೆ ಬೇಕಿದ್ದದ್ದು 500. ಹಾಗಾಗಿ ಕಂದು ಕಾಗದದ ಚೀಲಕ್ಕೆ ಸ್ಕ್ರೀನ್ ಪ್ರಿಂಟ್. ಒಳಗೆ ಫಾಯಿಲ್ ಪದರ ಇರುವ ಚೀಲವೇ ಆಗಬೇಕು, ಇಲ್ಲವಾದರೆ ಈ ಕಡೆಯ ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ.

ಪ್ಯಾಕೆಟ್ ನೋಡಿದ ಒಬ್ಬ ಹೋಮ್‌ಸ್ಟೇ ಮಾಲೀಕರು ಮೆಸೇಜ್ ಮಾಡಿದ್ದರು: 'ಮೇಡಂ, ನಮಗೂ ಸೇಮ್ ಸ್ಟೈಲ್‌ನಲ್ಲಿ ಒಂದು ಲೋಗೋ.' ಖುಷಿಯಾಯಿತು, ಯಾಕಂದ್ರೆ ಜನ ಮೊದಲ ಸಲ ನನ್ನ ಕೆಲಸಕ್ಕೆ 'ಸ್ಟೈಲ್' ಅಂದಿದ್ದರು. ಆದರೆ ಆ ಓರೆ ಸೇತುವೆ ನನ್ನದಲ್ಲ, ಅಜ್ಜನ ತಗಡಿನದು. ಅದನ್ನು ಇನ್ನೊಬ್ಬರ ಗೇಟಿಗೆ ಹಾಕಿದರೆ ನಾಳೆ ಇನ್ಯಾರೋ ಜಗಲಿ ಮೇಲೆ ಸಾಲಾಗಿ ಇಟ್ಟು ಬೆರಳು ಮುಚ್ಚಿ ಕೇಳುತ್ತಾರೆ. ಅಕ್ಷರ ಅದೇ ಕೊಡಲ್ಲ, ಬಂದು ನಿಮ್ಮ ಮನೆ ನೋಡ್ತೀನಿ ಅಂತ ಉತ್ತರ ಬರೆದೆ. ಅವರಿಗೆ ಅರ್ಥ ಆಯಿತೋ ಇಲ್ಲವೋ.

ಕಳೆದ ವಾರ ಅವರಿಂದ ಒಂದು ಫೋಟೋ ಬಂದಿದೆ. ಅವರ ತಾಯಿ ಉಪ್ಪಿನಕಾಯಿ ಭರಣಿಗಳ ಮೇಲೆ ಸುಣ್ಣದಲ್ಲಿ ಹೆಸರು ಬರೆದಿಡುತ್ತಿದ್ದರಂತೆ: ಅಪ್ಪೆಮಿಡಿ, ಕಳಲೆ, ನಿಂಬೆ. 'ಇಂಥದ್ದು ಆಗುತ್ತಾ ಮೇಡಂ?' ಅಂತ ಕೇಳಿದ್ದಾರೆ. 'ಕಳಲೆ'ಯ ಎರಡನೇ ಅಕ್ಷರದ ಬಾಲ ಭರಣಿಯ ಹೊಟ್ಟೆ ಸುತ್ತಿಕೊಂಡು ಹಿಂದಕ್ಕೆ ಹೋಗಿದೆ, ಫೋಟೋದಲ್ಲಿ ಪೂರ್ತಿ ಕಾಣುತ್ತಿಲ್ಲ. ಶನಿವಾರ ಹೊರಟಿದ್ದೇನೆ.